ಬಯಲಲ್ಲಿ ಸಾಗುವ ಬೀಗದ ಕೈ

ಗುಟ್ಟಿನ ಮಾತನ್ನು ಗೂಢಲಿಪಿಯಲ್ಲಿ ಬರೆದು ಕಳಿಸುವುದು ಹಳೆಯ ಪದ್ಧತಿ. ಆದರೆ ಆ ಲಿಪಿಯನ್ನು ಬಿಡಿಸುವ ಬೀಗದ ಕೈಯನ್ನು ತಲುಪಿಸುವುದು ಹೇಗೆ? ದಾರಿಯಲ್ಲಿ ಯಾರೋ ಅದರ ನಕಲು ತೆಗೆದರೆ ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಈ ತೊಡಕಿಗೆ ಒಂದು ಹೊಸ ಪರಿಹಾರ 1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಮಂಡಿತವಾಯಿತು. ಅದನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಜಿಲ್ ಬ್ರಾಸಾರ್ಡ್. ಇಂದು ಅದು ‘ಬಿಬಿ84’ ಎಂದೇ ಪ್ರಸಿದ್ಧ.

ಬೆಳಕಿನ ಒಂದೊಂದು ಕಣಕ್ಕೂ, ಅಂದರೆ ಫೋಟಾನಿಗೂ, ಕಂಪನದ ಒಂದು ದಿಕ್ಕು ಇರುತ್ತದೆ. ಕಳಿಸುವವರು ಸೊನ್ನೆ ಅಥವಾ ಒಂದನ್ನು ಕೆಲವೊಮ್ಮೆ ನೆಟ್ಟನೆಯ, ಕೆಲವೊಮ್ಮೆ ಓರೆಯ ಅಳತೆಯಲ್ಲಿ ಗುರುತಿಸುತ್ತಾರೆ. ಪಡೆಯುವವರೂ ಎರಡರಲ್ಲೊಂದು ಅಳತೆಯನ್ನು ಮನಸ್ಸಿಗೆ ಬಂದಂತೆ ಬಳಸುತ್ತಾರೆ. ಆಮೇಲೆ ಇಬ್ಬರೂ ಬಳಸಿದ ಅಳತೆಯನ್ನಷ್ಟೇ ಬಹಿರಂಗವಾಗಿ ಹೋಲಿಸಿ, ಹೊಂದಿದವನ್ನು ಉಳಿಸಿಕೊಳ್ಳುತ್ತಾರೆ. ಅದೇ ಬೀಗದ ಕೈ.

ನಡುವೆ ಕಳ್ಳ ಕೈಹಾಕಿದರೆ? ಅಳತೆ ಯಾವುದೆಂದು ಅವನೂ ಊಹಿಸಬೇಕು. ಊಹೆ ತಪ್ಪಿದಾಗ ಕಣದ ದಿಕ್ಕೇ ಕೆಡುತ್ತದೆ. ಪ್ರತಿಯೊಂದು ಕಣವನ್ನೂ ಅವನು ಹಿಡಿದು ಅಳೆದು ಮುಂದೆ ಬಿಟ್ಟರೆ, ಉಳಿದ ಅಂಕಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ತಪ್ಪಾಗುತ್ತದೆ. ಕೆಲವು ಅಂಕಿಗಳನ್ನು ತಾಳೆ ನೋಡಿದರೆ ಕಳ್ಳತನ ಬಯಲಾಗುತ್ತದೆ. ಆಗ ಆ ಬೀಗದ ಕೈಯನ್ನು ಎಸೆದರಾಯಿತು. ಗುಟ್ಟಿನ ಮಾತು ಇನ್ನೂ ಹೊರಟೇ ಇಲ್ಲವಲ್ಲ!

ಗಾಜಿನ ಎಳೆಯಲ್ಲಿ ದೂರ ಹೋದಷ್ಟೂ ಫೋಟಾನುಗಳು ನಷ್ಟವಾಗುತ್ತವೆ. ಕಣದ ನಕಲು ಅಸಾಧ್ಯವಾದ್ದರಿಂದ ಸಾಮಾನ್ಯ ಸಂಕೇತದಂತೆ ಅದನ್ನು ನಡುದಾರಿಯಲ್ಲಿ ವರ್ಧಿಸುವಂತಿಲ್ಲ. ಹೀಗಾಗಿ ವಿಜ್ಞಾನಿಗಳ ಗಮನ ಬಯಲಿನ ಕಡೆ ಹರಿಯಿತು. ಅಲ್ಲಿಯೂ ಮಂಜು, ಗಾಳಿಯ ಅಲುಗಾಟ, ಹಗಲಿನ ಬೆಳಕುಗಳ ಕಾಟವಿದೆ. ಆದರೆ ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಉಪಗ್ರಹಕ್ಕೆ ಅದು ಅನುಕೂಲ.

1989ರ ಮೊದಲ ಪ್ರಯೋಗದಲ್ಲಿ ಫೋಟಾನು ಗಾಳಿಯಲ್ಲಿ ಸಾಗಿದ್ದು ಒಂದಡಿಯಷ್ಟು ದೂರ. 2007ರಲ್ಲಿ ಕೆನರಿ ದ್ವೀಪಗಳ ನಡುವೆ 144 ಕಿ.ಮೀ. ದಾಟಲಾಯಿತು. 2016ರಲ್ಲಿ ಚೀನಾ ಹಾರಿಸಿದ ಮಿಸಿಯಸ್ ಉಪಗ್ರಹ ಮರುವರ್ಷ 1,200 ಕಿ.ಮೀ.ವರೆಗಿನ ದೂರದಿಂದ ಬೀಗದ ಕೈ ಕಳಿಸಿತು. 2021ರಲ್ಲಿ ಅಹಮದಾಬಾದಿನಲ್ಲಿ ಇಸ್ರೋ ವಿಜ್ಞಾನಿಗಳು ಎರಡು ಕಟ್ಟಡಗಳ ನಡುವೆ 300 ಮೀಟರ್ ದೂರ ಇದನ್ನು ಸಾಧಿಸಿದರು.

ಆದರೂ ಆಚೆ ಬದಿಯಲ್ಲಿ ಇರುವವರು ನಮ್ಮವರೇ ಎಂಬುದನ್ನು ಫೋಟಾನು ಹೇಳದು; ಆ ಗುರುತು ಮೊದಲೇ ಇರಬೇಕು. 2017ರಲ್ಲಿ ಬೀಜಿಂಗ್ ಮತ್ತು ವಿಯೆನ್ನಾಗಳು ಮಾತಾಡಿದಾಗ ಎರಡೂ ಕಡೆಯ ಬೀಗದ ಕೈ ಉಪಗ್ರಹಕ್ಕೆ ತಿಳಿದಿತ್ತು. ಕದ್ದರೆ ಗೊತ್ತಾಗುವ ಬೀಗದ ಕೈ ದೊರಕಿದೆ. ಅದನ್ನು ಯಾರ ಕೈಗೆ ಕೊಡಬೇಕೆಂಬ ವಿವೇಕ ಮಾತ್ರ ಮನುಷ್ಯನದೇ.