ಹಿತ್ತಲ ಗಿಡವೂ ಮದ್ದೇ

ಕಳೆದ ವರ್ಷ ನನ್ನ ಏಳು ವರ್ಷದ ಮಗಳ ಮುಖ ಬಿಳಿಚಿಕೊಳ್ಳತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು; ಪಾಠಕ್ಕೆ ಕುಳಿತರೆ ತೂಕಡಿಕೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ರಕ್ತಹೀನತೆಯೆಂದು ಕಬ್ಬಿಣದ ಔಷಧವನ್ನು ಬರೆದುಕೊಟ್ಟರು. “ಮನೆಯಲ್ಲಿ ಸೊಪ್ಪು ತಿನ್ನಿಸುತ್ತೀರೇನು?” ಎಂದು ಕೇಳಿದಾಗ ನಾನು ನಿರುತ್ತರನಾದೆ.

ನಮ್ಮ ಹಿತ್ತಲಲ್ಲಿ ನುಗ್ಗೆಯ ಮರವೊಂದಿದೆ. ಕಾಯಿ ನಮ್ಮ ಹುಳಿಗೆ. ಸೊಪ್ಪು ಮಾತ್ರ ಪಾತ್ರೆ ತೊಳೆಯಲು ಬರುವ ಮುದುಕಿಯ ಮಡಿಲಿಗೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ತರಗತಿಯಲ್ಲಿ ವರ್ಷವರ್ಷವೂ ವಿವರಿಸುವ ನನಗೆ ಅದರ ಅರ್ಥ ಮನವರಿಕೆಯಾದದ್ದು ಅಂದು.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 57 ಮಂದಿ ರಕ್ತಹೀನರು. ಹೊಟ್ಟೆ ತುಂಬಿದ ಮನೆಗಳಲ್ಲಿಯೂ ಈ ಕಾಣದ ಹಸಿವು ಅಡಗಿದೆ.

ಇದನ್ನು ನೀಗಲು ನೆರವಾಗಬಲ್ಲ ಸೊಪ್ಪುಗಳಲ್ಲಿ ಕೆಲವನ್ನು ಪ್ರತಿವರ್ಷ ಬಿತ್ತಬೇಕಾಗಿಲ್ಲ. ನುಗ್ಗೆ, ಅಗಸೆ, ಚಕ್ರಮುನಿ, ಬಸಳೆ ಒಮ್ಮೆ ಬೇರೂರಿದರೆ, ಕೊಯ್ದಷ್ಟೂ ಚಿಗುರುತ್ತವೆ. ಆಳಕ್ಕೆ ಬೇರಿಳಿಸುವ ನುಗ್ಗೆಯಂತೂ ಬಿರುಬೇಸಗೆಯಲ್ಲಿ, ಪೇಟೆಯ ಸೊಪ್ಪು ತುಟ್ಟಿಯಾದಾಗಲೂ ಕೈಬಿಡುವುದಿಲ್ಲ. ತೂಕಕ್ಕೆ ತೂಕ ನೋಡಿದರೆ ನುಗ್ಗೆಸೊಪ್ಪಿನಲ್ಲಿ ಹಾಲಿಗಿಂತ ಎರಡು ಪಟ್ಟಿಗೂ ಮಿಕ್ಕಿ ಸುಣ್ಣಾಂಶವಿದೆ. 100 ಗ್ರಾಂನಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಇರುಳುಗಣ್ಣನ್ನು ತಡೆಯುವ ‘ಎ’ ಜೀವಸತ್ತ್ವಕ್ಕೆ ಮೂಲವಾದ ಕೆರೋಟಿನ್ ಸಹ ಹೇರಳ.

ಆದರೆ ಅತಿಯಾಸೆ ಸಲ್ಲದು. ಚಕ್ರಮುನಿಗೆ ನಮ್ಮಲ್ಲಿ ‘ವಿಟಮಿನ್ ಸೊಪ್ಪು’ ಎಂಬ ಬಿರುದೇ ಇದೆ. 1990ರ ದಶಕದ ನಡುವೆ ತೈವಾನಿನಲ್ಲಿ ಮೈ ಕರಗಿಸುವ ಹಂಬಲದಿಂದ ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರು ವಾಸಿಯಾಗದ ಶ್ವಾಸಕೋಶದ ರೋಗಕ್ಕೆ ತುತ್ತಾದರು. ಬೇಯಿಸಿ, ಮಿತವಾಗಿ, ಇತರ ಸೊಪ್ಪುಗಳೊಡನೆ ಸರದಿಯಲ್ಲಿ ತಿನ್ನುವುದೇ ಲೇಸು.

ಗೃಹಿಣಿಯರಿಗೆ ಎರಡು ಮಾತು. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ. ಎಣ್ಣೆಯ ಒಗ್ಗರಣೆ ಬರಿಯ ರುಚಿಗಲ್ಲ; ಕೆರೋಟಿನ್ ಮೈಗೆ ಹತ್ತುವುದು ಜಿಡ್ಡಿನ ಜೊತೆಯಲ್ಲಿ. ಇಳಿಸಿದ ಮೇಲೆ ಹಿಂಡಿದ ನಿಂಬೆರಸ ಕಬ್ಬಿಣವನ್ನು ಮೈಗೂಡಿಸುತ್ತದೆ. ಊಟದೊಡನೆ ಕುಡಿದ ಕಾಫಿ, ಚಹಾ ಅದನ್ನು ತಡೆಯುತ್ತವೆ. ಸೊಪ್ಪು ಔಷಧಕ್ಕೆ ಬದಲಲ್ಲ, ಬೆಂಬಲ. ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸಬಾರದು.

ಔಷಧವೂ ಸೊಪ್ಪೂ ಕೂಡಿ ನಡೆದು, ಕೆಲವು ತಿಂಗಳಲ್ಲಿ ಮಗಳ ಕೆನ್ನೆಗೆ ಕಳೆ ಬಂದಿತು. ಮರದ ಕೆಳಗಿನ ಕೊಂಬೆಗಳು ಮಾತ್ರ ಬೋಳಾದವು. ಒಂದು ದಿನ ಮುದುಕಿ ಮೇಲೆ ನೋಡಿ, “ಅಮ್ಮಾವ್ರೇ, ನಮ್ಮ ಮೊಮ್ಮಕ್ಕಳಿಗೂ ಒಂದು ಹಿಡಿ ಉಳಿಸಿ” ಎಂದಳು. ನನಗೆ ನಾಚಿಕೆಯಾಯಿತು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತೋಳುದ್ದದ ಕೊಂಬೆಯೊಂದನ್ನು ಕಡಿದು, ಅವಳ ಗುಡಿಸಿಲ ಮುಂದೆ ನಾನೇ ನೆಟ್ಟು ಬಂದೆ. ಅದೀಗ ಚಿಗುರಿದೆ.