ಹಳೆಯ ಮೋಟಾರುಗಾಡಿಗೆ ಹೊಸ ಡೀಸೆಲ್ ಯಂತ್ರ

ಪೆಟ್ರೋಲಿನಿಂದ ನಡೆಯುವಂತೆ ನಿರ್ಮಿತವಾದ ಹಳೆಯ ಮೋಟಾರುಗಾಡಿಯಿಂದ ಅದರ ಯಂತ್ರವನ್ನು ಕಳಚಿ, ಆ ಸ್ಥಾನದಲ್ಲಿ ತರುವಾಯದ ಕಾಲದ ಡೀಸೆಲ್ ಯಂತ್ರವೊಂದನ್ನು ನೆಲೆಗೊಳಿಸುವ ಪದ್ಧತಿಯು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಮೇಲ್ನೋಟಕ್ಕೆ ಇದು ಕೇವಲ ಕಾರ್ಖಾನೆಯ ಕೈಕೆಲಸವೆಂದು ತೋರಬಹುದು. ಆದರೆ ಒಂದು ಅಂಗವನ್ನು ಬದಲಿಸಿದರೆ ಉಳಿದ ಅಂಗಗಳೆಲ್ಲವೂ ಆ ಬದಲಾವಣೆಗೆ ಹೇಗೆ ಒಳಗಾಗಬೇಕಾಗುವುದೆಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನವಾಗಿದೆ. ಪ್ರಕೃತ ಲೇಖನದಲ್ಲಿ ಇದರ ತತ್ತ್ವವನ್ನು ಸಂಗ್ರಹವಾಗಿ ನಿರೂಪಿಸಿ, ಇಂಗ್ಲೆಂಡಿನ ಲ್ಯಾಂಡ್ ರೋವರ್ ಗಾಡಿಯನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡಿದೆ.

೧. ಪೂರ್ವವೃತ್ತಾಂತ

ರುಡಾಲ್ಫ್ ಡೀಸೆಲನ ಯಂತ್ರವು ೧೮೯೭ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ಒಳಗಾಗಿ, ಇಂಧನದ ಶಾಖದಲ್ಲಿ ಕಾಲುಪಾಲಿಗಿಂತ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸಿತು. ಆದರೆ ಅದರ ತೂಕದ ದೆಸೆಯಿಂದ ಬಹುಕಾಲ ಕಾರ್ಖಾನೆಗಳಿಗೂ ಹಡಗುಗಳಿಗೂ ಮಾತ್ರ ಅದು ಯೋಗ್ಯವಾಗಿದ್ದಿತು. ೧೯೨೯ರ ಕೊನೆಯಲ್ಲಿ ಅಮೆರಿಕದ ಕ್ಲೆಸ್ಸಿ ಕಮಿನ್ಸ್ ಎಂಬಾತನು ದೋಣಿಗಳಿಗಾಗಿ ತಾನು ನಿರ್ಮಿಸಿದ್ದ ಡೀಸೆಲ್ ಯಂತ್ರವನ್ನು ಪ್ಯಾಕರ್ಡ್ ಗಾಡಿಯೊಂದರಲ್ಲಿ ಕೂರಿಸಿ, ೧೯೩೦ರ ಜನವರಿಯಲ್ಲಿ ಇಂಡಿಯಾನ ಪ್ರಾಂತದಿಂದ ನ್ಯೂಯಾರ್ಕಿನ ಮೋಟಾರು ಪ್ರದರ್ಶನಕ್ಕೆ ನಡೆಸಿಕೊಂಡು ಹೋದನು. ಸುಮಾರು ೮೦೦ ಮೈಲಿಗಳ ಆ ಪ್ರಯಾಣಕ್ಕೆ ತಗುಲಿದ ಇಂಧನದ ವೆಚ್ಚವು ೧ ಡಾಲರ್ ೩೮ ಸೆಂಟು ಮಾತ್ರ. ಮರ್ಸಿಡಿಸ್ ಕಾರ್ಖಾನೆಯವರು ಡೀಸೆಲ್ ಕಾರನ್ನು ಮಾರಾಟಕ್ಕೆ ತಂದುದು ೧೯೩೬ರಲ್ಲಿ. ಆದುದರಿಂದ ಯಂತ್ರಪರಿವರ್ತನೆಯ ಈ ಪ್ರಯತ್ನವು ಅದಕ್ಕಿಂತ ಹಳೆಯದು.

೨. ಎರಡು ಯಂತ್ರಗಳ ಭೇದ

ಪೆಟ್ರೋಲ್ ಯಂತ್ರದಲ್ಲಿ ಗಾಳಿಯೂ ಇಂಧನವೂ ಬೆರೆತು ಸಿಲಿಂಡರಿನೊಳಗೆ ಬಂದು, ವಿದ್ಯುತ್ತಿನ ಕಿಡಿಯಿಂದ ಹೊತ್ತಿಕೊಳ್ಳುವುವು. ಡೀಸೆಲ್ ಯಂತ್ರದೊಳಕ್ಕೆ ಬರುವುದು ಬರಿಯ ಗಾಳಿ. ಅದು ತನ್ನ ಗಾತ್ರದ ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಒತ್ತಲ್ಪಟ್ಟು ಅತಿಶಯವಾಗಿ ಕಾಯುವುದು. ಆಗ ಚಿಮ್ಮಿಸಿದ ಎಣ್ಣೆಯು ಕಿಡಿಯಿಲ್ಲದೆ ತಾನಾಗಿ ಉರಿಯುವುದು. ಗಾಳಿಯ ದಾರಿಯನ್ನು ಕಿರಿದುಮಾಡುವ ಕವಾಟವು ಸಾಮಾನ್ಯವಾಗಿ ಇಲ್ಲಿ ಬೇಕಿಲ್ಲ; ಬೇಕಾದ ಬಲವನ್ನು ಎಣ್ಣೆಯ ಪ್ರಮಾಣವೇ ನಿರ್ಣಯಿಸುವುದು. ಮಿತವ್ಯಯಕ್ಕೆ ಈ ಎರಡು ಗುಣಗಳೇ ಮುಖ್ಯ ಕಾರಣಗಳು.

೩. ಲ್ಯಾಂಡ್ ರೋವರಿನ ನಿದರ್ಶನ

೧೯೭೧ರಿಂದ ೧೯೮೫ರ ವರೆಗೆ ತಯಾರಾದ ಮೂರನೆಯ ಶ್ರೇಣಿಯ ಲ್ಯಾಂಡ್ ರೋವರಿನ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಯಂತ್ರವು ೨೨೮೬ ಘನ ಸೆಂಟಿಮೀಟರಿನದು. ಇದರ ಬದಲಿಗೆ ಬ್ರಿಟನ್ನಿನ ಅನೇಕರು ಕೂರಿಸುವುದು, ಅದೇ ಕಾರ್ಖಾನೆಯಿಂದ ೧೯೮೯ರಲ್ಲಿ ಡಿಸ್ಕವರಿ ಗಾಡಿಯೊಡನೆ ಹೊರಬಂದ ‘೨೦೦ ಟಿಡಿಐ’ ಎಂಬ ೨೪೯೫ ಘನ ಸೆಂಟಿಮೀಟರಿನ ಡೀಸೆಲ್ ಯಂತ್ರವನ್ನು. ಎರಡರಲ್ಲಿಯೂ ಸಿಲಿಂಡರಿನ ವ್ಯಾಸವು ೯೦.೪೭ ಮಿಲಿಮೀಟರು, ಪಿಸ್ಟನ್ನಿನ ಓಟ ಮಾತ್ರ ೮೮.೯ರಿಂದ ೯೭ ಮಿಲಿಮೀಟರಿಗೆ ಏರಿದೆ. ಇವೆರಡೂ ಒಂದೇ ವಂಶಕ್ಕೆ ಸೇರಿದವಾದುದರಿಂದ, ಹೊಸ ಯಂತ್ರವು ಅಲ್ಪಸ್ವಲ್ಪ ಮಾರ್ಪಾಟುಗಳಿಂದಲೇ ಹಳೆಯ ಗೇರುಪೆಟ್ಟಿಗೆಗೆ ಹೊಂದಿಕೊಳ್ಳುವುದು. ಇದರ ಎಣ್ಣೆಯ ಪಂಪು ಕೇವಲ ಯಾಂತ್ರಿಕವಾದುದು. ಎಣ್ಣೆಯನ್ನು ತಡೆದು ಯಂತ್ರವನ್ನು ನಿಲ್ಲಿಸುವ ಕವಾಟಕ್ಕೆ ಒಂದು ತಂತಿಯಿದ್ದರೆ ಸಾಕು. ಈಚಿನ ಡೀಸೆಲ್ ಯಂತ್ರಗಳಾದರೋ ಗಣಕದ ಅಪ್ಪಣೆಯಿಲ್ಲದೆ ನಡೆಯವು. ಅವನ್ನು ತರುವವನು ಅವುಗಳ ಗಣಕವನ್ನೂ ಸಂವೇದಕಗಳನ್ನೂ ತಂತಿಗಳ ಜಾಲವನ್ನೂ, ಎಷ್ಟೋ ವೇಳೆ ಬೀಗದ ಕೈಯನ್ನು ಗುರುತಿಸುವ ಉಪಕರಣವನ್ನೂ ಒಟ್ಟಿಗೆ ತರಬೇಕಾಗುವುದು.

ಇನ್ನು ಬಲದ ಲೆಕ್ಕವನ್ನು ನೋಡೋಣ. ಹಳೆಯ ಯಂತ್ರದ ಪರಮಾವಧಿ ತಿರುಗುಬಲವು ೧೨೪ ಅಡಿ-ಪೌಂಡು, ಹೊಸದರದು ೧೯೫. ಇದು ಶೇಕಡ ೫೭ರಷ್ಟು ಹೆಚ್ಚು. ಹಳೆಯ ಗಾಡಿಯ ಅಚ್ಚಿನಲ್ಲಿರುವ ಹಲ್ಲುಚಕ್ರಗಳ ಪ್ರಮಾಣವು ೪.೭ಕ್ಕೆ ೧. ಡೀಸೆಲ್ ಯಂತ್ರವು ನಿಧಾನವಾಗಿ ತಿರುಗುವ ಸ್ವಭಾವದ್ದಾದುದರಿಂದ, ಡಿಸ್ಕವರಿಯ ೩.೫೪ಕ್ಕೆ ೧ ಪ್ರಮಾಣದ ಚಕ್ರಗಳನ್ನು ಅಲ್ಲಿ ಹಾಕುವುದುಂಟು. ಆಗ ಹಿಂದೆ ನಾಲ್ಕು ಸುತ್ತು ತಿರುಗಬೇಕಾಗಿದ್ದ ಕಡೆ ಯಂತ್ರವು ಸುಮಾರು ಮೂರು ಸುತ್ತು ತಿರುಗಿದರೆ ಸಾಕು. ಹೀಗಾದರೂ ಗಾಲಿಗೆ ಮುಟ್ಟುವ ಬಲವು ಕುಂದದೆ, ೧೨೪ × ೪.೭ ಇದ್ದುದು ೧೯೫ × ೩.೫೪ ಆಗಿ ಶೇಕಡ ೧೮ರಷ್ಟು ಹೆಚ್ಚುವುದು. ಆದರೆ ಗೇರುಪೆಟ್ಟಿಗೆಯು ಅಚ್ಚಿಗಿಂತ ಮೊದಲೇ ಇರುವುದರಿಂದ, ಅದು ಆ ೫೭ರ ಹೆಚ್ಚಳವನ್ನೆಲ್ಲ ತಾನೇ ತಡೆದುಕೊಳ್ಳಬೇಕು. ಅವಸರದಿಂದ ನಡೆಸುವವನ ಕೈಯಲ್ಲಿ ಮೊದಲು ಮುರಿಯುವುದು ಇದೇ.

೪. ಉಳಿದ ಅಂಗಗಳು

ಹೊಸ ಯಂತ್ರದ ಟರ್ಬೋ ಉಪಕರಣವು ಗಾಳಿಯನ್ನು ಒತ್ತುವಾಗ ಅದನ್ನು ಕಾಯಿಸುವುದು; ಕಾದ ಗಾಳಿಯನ್ನು ತಣಿಸುವ ಜಾಲರಿಗೆ ಮುಂಭಾಗದಲ್ಲಿ ಸ್ಥಳವನ್ನು ಕಲ್ಪಿಸಬೇಕು. ಸ್ಥಳ ಸಾಲದೆಂದು ಅದನ್ನು ಬಿಟ್ಟರೆ ಎಣ್ಣೆಯ ಪ್ರಮಾಣವನ್ನೂ ತಗ್ಗಿಸಬೇಕು. ಪೆಟ್ರೋಲಿನ ತೊಟ್ಟಿಯನ್ನು ಸಂಪೂರ್ಣವಾಗಿ ಶುದ್ಧಿಮಾಡಿ, ಮಿಕ್ಕ ಎಣ್ಣೆಯು ಹಿಂದಿರುಗಲು ಬೇರೊಂದು ಕೊಳವೆಯನ್ನು ಜೋಡಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬಿರಿ. ಪೆಟ್ರೋಲ್ ಯಂತ್ರದ ಹೀರುನಾಳದಲ್ಲಿ ಉಂಟಾಗುವ ನಿರ್ವಾತವು ಬಿರಿಗೆ ಸಹಾಯಕವಾಗಿರುವುದು. ಡೀಸೆಲ್ ಯಂತ್ರದಲ್ಲಿ ಅಂತಹ ನಿರ್ವಾತವಿಲ್ಲ. ಅದಕ್ಕಾಗಿಯೇ ಇರುವ ಪಂಪನ್ನು ತಪ್ಪದೆ ಜೋಡಿಸಬೇಕು. ವೇಗವು ೩ ಇದ್ದುದು ೪ ಆದರೆ, ನಿಲ್ಲಿಸಬೇಕಾದ ಚಲನಶಕ್ತಿಯು ೯ ಇದ್ದುದು ೧೬ ಆಗುವುದು. ಈ ಗಾಡಿಯ ನಾಲ್ಕು ಗಾಲಿಗಳಲ್ಲಿಯೂ ಇರುವುದು ಹಳೆಯ ಡ್ರಮ್ ಬಿರಿಗಳು. ಅವನ್ನು ಸುಧಾರಿಸದೆ ವೇಗವನ್ನು ಮಾತ್ರ ಹೆಚ್ಚಿಸುವುದು ನಡೆಸುವವನಿಗೂ ದಾರಿಹೋಕನಿಗೂ ಅಪಾಯಕರವಾದುದು.

೫. ಯುಕ್ತಾಯುಕ್ತ ವಿವೇಚನೆ

ಬ್ರಿಟನ್ನಿನಲ್ಲಿ ಯಂತ್ರವನ್ನು ಬದಲಿಸಿದವರು ಅದನ್ನು ನೋಂದಣಿಯ ಅಧಿಕಾರಿಗಳಿಗೆ ತಿಳಿಸಬೇಕು. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ಇಂತಹ ಮಾರ್ಪಾಟುಗಳನ್ನು ನಿರ್ಬಂಧಿಸಿದೆ. ಆದುದರಿಂದ ಅನುಮತಿಯನ್ನು ಪಡೆಯುವುದಕ್ಕೆ ಮುಂಚೆ ಕೆಲಸಕ್ಕೆ ಕೈಹಾಕುವುದು ಯುಕ್ತವಲ್ಲ.

ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೧೨ರಲ್ಲಿ ನಿರ್ಣಯಿಸಿತು. ೧೯೮೯ರ ಯಂತ್ರದಲ್ಲಿ ಇಂದಿನ ಗಾಡಿಗಳಲ್ಲಿರುವ ಮಸಿಯ ಶೋಧಕವಿಲ್ಲ. ಗಾಡಿಯ ಒಡೆಯನಿಗೆ ಉಳಿಯುವ ಹಣದ ಒಂದು ಪಾಲನ್ನು ನೆರೆಯವರ ಉಸಿರು ತೆರುವುದೆಂಬುದನ್ನು ಮರೆಯಲಾಗದು. ಇನ್ನೊಂದು ಕಡೆ, ಎಣ್ಣೆಯ ವೆಚ್ಚವನ್ನು ತಾಳಲಾರದೆ ಮೂಲೆಗೆ ಬಿದ್ದು ತುಕ್ಕು ಹಿಡಿಯುವ ಗಾಡಿಯು ಈ ಉಪಾಯದಿಂದ ಮತ್ತೆ ಹೊಲಕ್ಕೂ ಗುಡ್ಡಕ್ಕೂ ಉಪಯೋಗಕ್ಕೆ ಬರುವುದೂ ದಿಟ.

ಆದಕಾರಣ, ಮೂಲಸ್ಥಿತಿಯಲ್ಲಿಯೇ ಉಳಿದುಬಂದಿರುವ ಅಪರೂಪದ ಗಾಡಿಗಳನ್ನು ಮುಟ್ಟದಿರುವುದೂ, ಯಂತ್ರವು ಕೆಟ್ಟು ನಿಂತಿರುವ ಸಾಮಾನ್ಯ ಗಾಡಿಗಳಿಗೆ ಮಾತ್ರ ಈ ಕ್ರಮವನ್ನು ಅನುಸರಿಸುವುದೂ, ತೆಗೆದ ಯಂತ್ರವನ್ನು ಕಾಪಾಡಿ ಇರಿಸುವುದೂ ಉಚಿತವೆಂದು ತೋರುವುದು. ಮೊದಲು ಬಿರಿ, ಆಮೇಲೆ ಅಚ್ಚು ಮತ್ತು ಗೇರುಪೆಟ್ಟಿಗೆ, ಕಡೆಗೆ ಯಂತ್ರ—ಈ ಅನುಕ್ರಮವನ್ನು ಪಾಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯುಂಟಾದೀತು.