ಮಾಸು ಕಳಿಸಿದ ಓಲೆ

ಬೆಂಗಳೂರಿನಿಂದ ಬಂದ ರೈಲು ಮದ್ದೂರಿನಲ್ಲಿ ನಿಂತಿತ್ತಷ್ಟೆ, ಕರಿದ ಈರುಳ್ಳಿ, ಕರಿಬೇವಿನ ಆ ಗಮಲು ಮುಖಕ್ಕೇ ಬಂದು ಬಡಿಯಿತು. 1917ರಲ್ಲಿ ರಾಮಚಂದ್ರ ಬುಧ್ಯ ಅವರು ಇದೇ ನಿಲ್ದಾಣದಲ್ಲಿ ಮಾರತೊಡಗಿದಾಗಿನಿಂದ ಈ ದಾರಿಯಲ್ಲಿ ಹೋಗುವವರ ಬಾಯಲ್ಲಿ ನೀರೂರಿಸಿದ ವಡೆ ಅದು. ನನ್ನ ತಂಗಿ ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಂಬಕ್ಕೆ ಒರಗಿಬಿಟ್ಟಳು. “ಆ ಬುಟ್ಟಿ ಅತ್ಲಾಗ್ ತಗೊಂಡೋಗಕ್ಕೇಳಕ್ಕ!” ಎರಡೂವರೆ ತಿಂಗಳ ಬಸುರಿ. ಚಿಕ್ಕಂದಿನಲ್ಲಿ ಇದೇ ವಡೆಯ ಕೊನೆಯ ತುಂಡಿಗೆ ನನ್ನ ಜೊತೆ ಜಗಳ ಕಾಯುತ್ತಿದ್ದವಳು!

ಮಳವಳ್ಳಿ ಬಸ್ಸಿನಲ್ಲಿ ಕಬ್ಬಿನ ಗದ್ದೆಗಳ ನಡುವೆ ಅವಳ ಬೆನ್ನು ನೀವುತ್ತಾ ಕುಳಿತವಳಿಗೆ ಒಂದೇ ಯೋಚನೆ. ಈ ಓಕರಿಕೆ ಬರುವುದಾದರೂ ಎಲ್ಲಿಂದ? ಮನೆಗೆ ಬಂದು ಓದುತ್ತಾ ಹೋದೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದು ಹೊಟ್ಟೆಯಿಂದ ಬರುವುದೇ ಅಲ್ಲ, ಕೂಸಿನ ಕಡೆಯಿಂದ ಬರುವ ಓಲೆ ಅದು!

ಜಿಡಿಎಫ್15 ಎಂಬ ಹಾರ್ಮೋನು. ನಮ್ಮೆಲ್ಲರ ರಕ್ತದಲ್ಲೂ ಅದು ಒಂದಿಷ್ಟು ಇದೆ. ಬಸುರಿಯಲ್ಲಿ ಮಾತ್ರ ಒಮ್ಮೆಗೇ ಏರುತ್ತದೆ, ಅದರ ಬಹುಪಾಲನ್ನು ಸುರಿಸುವುದು ಕೂಸು ಮತ್ತು ಅದರ ಮಾಸು. ಮೆದುಳು ಬೆನ್ನುಹುರಿಗೆ ಕೂಡುವಲ್ಲಿ, ಕತ್ತಿನ ಹಿಂಭಾಗಕ್ಕೆ, ಒಂದು ಪುಟ್ಟ ಜಾಗವಿದೆ. ಮೆದುಳಿನ ಬಹುಪಾಲು ಭಾಗಕ್ಕೆ ರಕ್ತದಲ್ಲಿರುವುದು ಸುಲಭಕ್ಕೆ ನುಗ್ಗದಂತೆ ಕಾವಲಿದ್ದರೆ ಇಲ್ಲಿ ಕಿಟಕಿ ತೆರೆದೇ ಇರುತ್ತದೆ, ರಕ್ತದಲ್ಲಿ ವಿಷ ಸೇರಿದರೆ ತಕ್ಷಣ ತಿಳಿಯಲಿ ಎಂದು. ಓಲೆ ಹೋಗಿ ಮುಟ್ಟುವುದು ಆ ಕಿಟಕಿಗೇ! ನಾಲ್ಕೈದು ಸೆಂಟಿಮೀಟರ್ ಕೂಡ ಇಲ್ಲದ ಜೀವವೊಂದು ತಾಯಿಯ ಮೆದುಳಿನ ಬಾಗಿಲು ತಟ್ಟುತ್ತಿದೆ.

ಹಾಗಾದರೆ ಒಬ್ಬಳಿಗೆ ಏನೂ ಆಗದೆ ಇನ್ನೊಬ್ಬಳು ಹಾಸಿಗೆ ಹಿಡಿಯುವುದೇಕೆ? 2023ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜಿನ ಸ್ಟೀಫನ್ ಒ’ರಾಹಿಲಿ, ಕ್ಯಾಲಿಫೋರ್ನಿಯಾದ ಮಾರ್ಲೀನಾ ಫೆಜೋ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದ ಉತ್ತರ ನಮ್ಮ ಆಲೆಮನೆಯನ್ನೇ ಕಣ್ಣಮುಂದೆ ತಂದಿತು. ಮಂಡ್ಯದ ಆಲೆಮನೆಯಲ್ಲಿ ದಿನವೂ ಬೆಲ್ಲ ಕಾಯಿಸುವವರಿಗೆ ಪಾಕದ ವಾಸನೆ ಗೊತ್ತೇ ಆಗುವುದಿಲ್ಲ, ಹೊಸದಾಗಿ ಕಾಲಿಟ್ಟವರಿಗೆ ತಲೆ ತಿರುಗುತ್ತದೆ. ಹಾಗೆಯೇ ಬಸಿರಿಗೆ ಮುಂಚೆ ರಕ್ತದಲ್ಲಿ ಈ ಹಾರ್ಮೋನು ಕಡಿಮೆಯಿದ್ದವಳಿಗೆ ಆಮೇಲಿನ ಏರಿಕೆಯನ್ನು ತಾಳಿಕೊಳ್ಳಲು ಆಗುವುದಿಲ್ಲ. ಮೊದಲೇ ಹೆಚ್ಚಿದ್ದವಳ ಮೆದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಬೀಟಾ ಥಲಸೀಮಿಯಾ ಇರುವ ಹೆಂಗಸರಲ್ಲಿ ಇದು ಸದಾ ಹೆಚ್ಚು, ಅವರಿಗೆ ಬಸಿರಿನ ವಾಂತಿ ತೀರಾ ಕಡಿಮೆ!

ಫೆಜೋ ಇದನ್ನು ಹುಡುಕಿದ್ದಕ್ಕೆ ಒಂದು ನೋವಿನ ಕಾರಣವಿದೆ. 1999ರಲ್ಲಿ, ನೀರೂ ನಿಲ್ಲದಂಥ ವಿಪರೀತ ವಾಂತಿಯಲ್ಲಿ ಅವರು ತಮ್ಮ ಕೂಸನ್ನೇ ಕಳೆದುಕೊಂಡರು. ಅವರ ವೈದ್ಯರು ಅವರನ್ನು ನಂಬಿರಲಿಲ್ಲ. ನಮ್ಮೂರುಗಳಲ್ಲೂ “ನಾವೇನ್ ಹೆತ್ತಿಲ್ವಾ” ಎಂಬ ಮಾತು ಕೇಳಿಕೊಂಡೇ ಎಷ್ಟು ಸೊಸೆಯರು ಬಚ್ಚಲಿಗೆ ಓಡಿಲ್ಲ! ನೂರರಲ್ಲಿ 70 ಬಸುರಿಯರಿಗೆ ಆಗುವುದನ್ನು ನಾಟಕ ಎಂದವರ ಮೇಲೆ ಆ ರಾತ್ರಿ ನನಗೆ ನಿಜಕ್ಕೂ ಸಿಟ್ಟು ಬಂತು.

ಇನ್ನೊಂದು ಬೆರಗು ಕೇಳಿ. ಸುಶ್ರುತ ಸಂಹಿತೆ ನಾಲ್ಕನೆಯ ತಿಂಗಳ ಬಸುರಿಯನ್ನು ದೌಹೃದಿನಿ, ಅಂದರೆ ಎರಡು ಹೃದಯದವಳು ಎಂದು ಕರೆಯುತ್ತದೆ. ಬಯಕೆ ಅವಳೊಬ್ಬಳದಲ್ಲ, ಒಳಗಿನ ಹೃದಯದ್ದೂ ಹೌದು ಎಂಬ ಎಣಿಕೆ. ಕಾವ್ಯಗಳ ‘ದೋಹದ’ ಎಂಬ ಪದವನ್ನೂ ಇಲ್ಲಿಗೇ ಜೋಡಿಸುತ್ತಾರೆ. ಜೀನು, ಹಾರ್ಮೋನು ಗೊತ್ತಿಲ್ಲದ ಕಾಲದಲ್ಲಿ!

ಬೆಳಗ್ಗೆ ಅಜ್ಜಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೆಚ್ಚಿಬೀಳಲಿಲ್ಲ ಅವರು. “ವಾಂತಿಯಾದ್ರೆ ಮಗ ಗಟ್ಟಿಯಾಗ್ ಕುಂತದೆ ಅಂತ ಲೆಕ್ಕ ಕಣವ್ವ.” ಅದೂ ಸುಳ್ಳಲ್ಲ. ಓಕರಿಕೆ ಇರುವವರಲ್ಲಿ ಗರ್ಭಪಾತ ಕಡಿಮೆ ಎಂದು 2016ರ ಅಧ್ಯಯನವೊಂದು ತೋರಿಸಿದೆ. (ವಾಂತಿ ಆಗದವರು ಹೆದರಬೇಕಿಲ್ಲ, ಅವರ ಕೂಸುಗಳೂ ಚೆನ್ನಾಗಿಯೇ ಬೆಳೆಯುತ್ತವೆ.) ಅಜ್ಜಿಯ ಆರೈಕೆಯಂತೂ ವೈದ್ಯರು ಹೇಳುವುದರ ಪಡಿಯಚ್ಚು: ಏಳುವ ಮೊದಲೇ ಒಂದು ಹಿಡಿ ಕಡ್ಲೆಪುರಿ, ಒಣ ತಿಂಡಿಯಾದ್ದರಿಂದ. ಬಿಸಿ ಉಪ್ಪೆಸರಿನ ಘಾಟು ಬೇಡ, ಆರಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದು, ಏಕೆಂದರೆ ಆರಿದ್ದಕ್ಕೆ ವಾಸನೆ ಕಡಿಮೆ. ಹೊಟ್ಟೆ ಖಾಲಿ ಬಿಡದಂತೆ ಆಗಾಗ ಸ್ವಲ್ಪ ಸ್ವಲ್ಪ. ಶುಂಠಿ. ಶುಂಠಿ ಓಕರಿಕೆ ತಗ್ಗಿಸುವುದನ್ನು ಪ್ರಯೋಗಗಳೂ ಕಂಡಿವೆ! ಇದಕ್ಕೂ ಬಗ್ಗದಿದ್ದರೆ ವೈದ್ಯರು ಬಿ6 ವಿಟಮಿನ್ ಕೊಡುತ್ತಾರೆ, ಬೇಕಾದರೆ ಡಾಕ್ಸಿಲಮಿನ್ ಜೊತೆಗೆ. ಆಶಾ ಕಾರ್ಯಕರ್ತೆ ಬಂದಾಗ ಇನ್ನೊಂದು ತಿಳಿಯಿತು. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ಮಾತ್ರ, ಕಬ್ಬಿಣದ ಮಾತ್ರೆ ನಾಲ್ಕನೆಯ ತಿಂಗಳಿಂದ. ಕಬ್ಬಿಣ ಹೊಟ್ಟೆ ತೊಳಸುವುದನ್ನು ಹೆಚ್ಚಿಸುತ್ತದೆ.

ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡುಹಳದಿಯಾಗಿದೆ ಅಥವಾ ಬರುತ್ತಲೇ ಇಲ್ಲ, ತೂಕ ಇಳಿಯುತ್ತಿದೆ ಎಂದರೆ ಮಾತ್ರ ಮನೆಮದ್ದು ಸಾಲದು. ತಾಯಿ ಕಾರ್ಡ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕು, ಒಂದು ದಿನವೂ ತಡಮಾಡಬಾರದು.

ಮಾರನೆಯ ಬೆಳಗ್ಗೆ ಐದಕ್ಕೆ ದಿಂಬಿನ ಪಕ್ಕದ ಡಬ್ಬಿ ಗಲಗಲ ಎಂದಿತು. ತಂಗಿ ಕತ್ತಲಲ್ಲೇ ಕಡ್ಲೆಪುರಿ ಅಗಿಯುತ್ತಿದ್ದಳು. ಕಾಲು ಗಂಟೆ ಹಾಗೇ ಮಲಗಿದ್ದು ಮೆಲ್ಲಗೆ ಎದ್ದಳು. ಅವತ್ತು ಮಜ್ಜಿಗೆ ಮುದ್ದೆ ಮಧ್ಯಾಹ್ನದವರೆಗೂ ನಿಂತಿತು.